ನಾಲ್ವರು ಕಂಡ ಒಂದು ಜಾತ್ರೆ

ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೊರಟವನಿಗೆ ಎರಡು ಕಣ್ಣುಗಳ ಬೆಲೆ ಬೇಗನೆ ತಿಳಿಯುತ್ತದೆ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರುಗಳ ಅಂತರವಿದೆ. ಈ ಅಲ್ಪ ಅಂತರದ ಫಲವಾಗಿ ಎಡಗಣ್ಣು ಕಾಣುವ ಚಿತ್ರವೂ ಬಲಗಣ್ಣು ಕಾಣುವ ಚಿತ್ರವೂ ತುಸು ಬೇರೆಯಾಗಿರುತ್ತವೆ. ಹತ್ತಿರದ ವಸ್ತು ಹೆಚ್ಚು ಸರಿದಂತೆಯೂ ದೂರದ್ದು ಕಡಮೆ ಸರಿದಂತೆಯೂ ತೋರುತ್ತದೆ. ಮಿದುಳು ಈ ವ್ಯತ್ಯಾಸವನ್ನೇ ಹಿಡಿದು ವಸ್ತುಗಳ ದೂರವನ್ನು ಅಂದಾಜು ಮಾಡುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿಯು, ಎರಡು ಕಣ್ಣುಗಳಿಗೆ ಎರಡು ಬೇರೆ ಬೇರೆ ರೇಖಾಚಿತ್ರಗಳನ್ನು ಕನ್ನಡಿಗಳ ಮೂಲಕ ತೋರಿಸಿ, ಚಪ್ಪಟೆಯಾದ ಕಾಗದದಿಂದಲೇ ಉಬ್ಬುತಗ್ಗುಗಳ ಅನುಭವವನ್ನು ಹುಟ್ಟಿಸಬಹುದೆಂದು ತೋರಿಸಿಕೊಟ್ಟನು. ಮೂರು ಆಯಾಮದ ಚಿತ್ರಗಳೆಂದು ನಾವು ಇಂದು ಕರೆಯುವುದೆಲ್ಲವೂ ಈ ಪ್ರಯೋಗದ ಸಂತಾನವೇ.

ಕನ್ನಡಿಗರಿಗೆ ಇದು ಅಪರಿಚಿತ ವಿಷಯವೇನಲ್ಲ. 2012ರಲ್ಲಿ ‘ಕಠಾರಿವೀರ ಸುರಸುಂದರಾಂಗಿ’ ಚಲಚ್ಚಿತ್ರವನ್ನು ನೋಡಲು ಕಪ್ಪು ಕನ್ನಡಕ ಧರಿಸಿ ಕುಳಿತವರು ಇದರ ರುಚಿಯನ್ನು ಕಂಡಿದ್ದಾರೆ. ನಮ್ಮ ವಿದ್ಯಾರ್ಥಿಗಳು ಇಷ್ಟಾಗಿ ಗಮನಿಸದೆ ಇರುವ ಇನ್ನೊಂದು ಉದಾಹರಣೆ ಆಕಾಶದಲ್ಲಿದೆ. 2005ರ ಮೇ 5ರಂದು ಉಡಾವಣೆಗೊಂಡ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮರಾಗಳಿದ್ದುವು. ಒಂದು 26 ಡಿಗ್ರಿ ಮುಂದಕ್ಕೂ ಇನ್ನೊಂದು 5 ಡಿಗ್ರಿ ಹಿಂದಕ್ಕೂ ಓರೆಯಾಗಿ ನೆಲವನ್ನು ನೋಡುತ್ತಿದ್ದುವು. ಒಂದೇ ನೆಲದ ಈ ಎರಡು ನೋಟಗಳಿಂದ ದೇಶದ ಏರುತಗ್ಗುಗಳ ನಕ್ಷೆಯನ್ನು ತಯಾರಿಸಲಾಯಿತು. ಭೀಮೆಯ ಬದಿಯ ಇಂಡಿ, ಸಿಂದಗಿಗಳ ಎರೆಭೂಮಿಯೂ, ಕೃಷ್ಣೆಯ ಬದಿಯ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೊಲಗಳೂ ಹೀಗೆ ಎರಡು ಕಣ್ಣಿನ ನೋಟಕ್ಕೆ ಸಿಕ್ಕಿವೆ. 2008ರಲ್ಲಿ ಹೊರಟ ಚಂದ್ರಯಾನ-1 ಚಂದ್ರನ ನೆಲವನ್ನು ಮೂರು ದಿಕ್ಕಿನ ನೋಟಗಳಿಂದ ಚಿತ್ರಿಸಿತು.

ಆದರೆ ನೆಲವು ಅಲುಗಾಡುವುದಿಲ್ಲ. ನಾವು ಇಲ್ಲಿ ಚರ್ಚಿಸಹೊರಟಿರುವುದು ಅಲುಗಾಡುವ ವಸ್ತುಗಳನ್ನು, ಅಂದರೆ ಕುಣಿಯುವ, ಹಾಡುವ, ಡೊಳ್ಳು ಬಾರಿಸುವ ಮನುಷ್ಯರನ್ನು, ಎರಡಲ್ಲ, ನಾಲ್ಕು ಅಥವಾ ಎಂಟು ಕ್ಯಾಮರಾಗಳಿಂದ ಏಕಕಾಲದಲ್ಲಿ ಸೆರೆಹಿಡಿಯುವ ವಿಷಯವನ್ನು. ಹಾಗೆ ಹಿಡಿದರೆ ನೋಡುವವನು ತಲೆಯನ್ನು ಎಡಕ್ಕೆ ಸರಿಸಿದಾಗ ಚಿತ್ರವೂ ಅದಕ್ಕೆ ತಕ್ಕಂತೆ ಸರಿದು, ಮುಂದೆ ನಿಂತ ಡೊಳ್ಳಿನವನ ಹಿಂದಿರುವ ತಾಳದವನು ಕಾಣಿಸಿಕೊಳ್ಳುತ್ತಾನೆ. ಇದು ಕನಸಿನ ಮಾತಲ್ಲ. ಯಂತ್ರಗಳು ಇವೆ, ಪ್ರದರ್ಶನಗಳೂ ನಡೆದಿವೆ. ತೊಡಕಿರುವುದು ಗಾತ್ರದಲ್ಲಿ.

ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡೋಣ. ಒಂದು ಸಾಧಾರಣ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಪ್ರತಿಯೊಂದು ಬಿಂದುವಿನ ಬಣ್ಣವನ್ನು ಹೇಳಲು 24 ಬಿಟ್‌ಗಳು, ಸೆಕೆಂಡಿಗೆ 25 ಚಿತ್ರಗಳು. ಗುಣಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್‌ಗಳಾಗುತ್ತವೆ. ಒಂದು ಗಂಟೆಯ ಚಿತ್ರಕ್ಕೆ 560 ಗಿಗಾಬೈಟ್. ಎಂಟು ಕ್ಯಾಮರಾಗಳಿಗೆ 4480 ಗಿಗಾಬೈಟ್. ರಾತ್ರಿಯಿಡೀ ನಡೆಯುವ ಒಂದು ಬಯಲಾಟವನ್ನು ಹೀಗೆ ಇದ್ದುದಿದ್ದಂತೆ ತುಂಬಿಡಹೊರಟರೆ ಒಂದು ಕಾಲೇಜಿನ ಗಣಕಕೇಂದ್ರವೇ ಸಾಲದು. ಆದುದರಿಂದ ಚಿತ್ರವನ್ನು ಅಡಕಗೊಳಿಸಲೇಬೇಕು. ಅಡಕಗೊಳಿಸುವುದೆಂದರೆ ಏನನ್ನಾದರೂ ಬಿಡುವುದು. ಏನನ್ನು ಬಿಡಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬುದೇ ಈ ಲೇಖನದ ಪ್ರಶ್ನೆ.

ವಾಚಕರು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಲಿ. ಬಸವನ ಬಾಗೇವಾಡಿಯ ಜಾತ್ರೆಯಲ್ಲಿ ಒಂದು ಡೊಳ್ಳಿನ ಮೇಳ ನಡೆದಿದೆ. ಅದರ ನಾಲ್ಕು ಮಗ್ಗುಲಿಗೆ ನಾಲ್ವರು ಗೆಳೆಯರು ನಿಂತಿದ್ದಾರೆ: ಇಂಡಿಯವನೊಬ್ಬ, ಸಿಂದಗಿಯವನೊಬ್ಬ, ಮುದ್ದೇಬಿಹಾಳದವನೊಬ್ಬ, ಬಾಗೇವಾಡಿಯವನೇ ಒಬ್ಬ. ಜಾತ್ರೆಗೆ ಬರಲಾಗದೆ ವಿಜಯಪುರದಲ್ಲಿ ಉಳಿದ ಐದನೆಯ ಗೆಳೆಯನಿಗೆ ಅವರು ಕಂಡುದನ್ನು ಬರೆದು ಕಳುಹಿಸಬೇಕು. ಅಂಚೆಯ ವೆಚ್ಚ ಒಂದೊಂದು ಮಾತಿಗೆ ಇಂತಿಷ್ಟು ಎಂದು ಭಾವಿಸೋಣ. ನಾಲ್ವರೂ ಕಂಡುದೆಲ್ಲವನ್ನೂ ಬರೆದರೆ ಒಂದೇ ಮೇಳದ ವರ್ಣನೆ ನಾಲ್ಕು ಸಲ ಆಗುತ್ತದೆ, ವೆಚ್ಚವೂ ನಾಲ್ಕು ಪಟ್ಟಾಗುತ್ತದೆ. ಜಾಣರಾದರೆ ಹೀಗೆ ಮಾಡುತ್ತಾರೆ: ಬಾಗೇವಾಡಿಯವನು ತಾನು ಕಂಡುದನ್ನು ಪೂರ್ತಿಯಾಗಿ ಬರೆಯುತ್ತಾನೆ. ಇಂಡಿಯವನು ಆ ಪತ್ರವನ್ನು ಓದಿ, ‘ಅವನು ಹೇಳಿದ್ದೇ ಸರಿ, ಆದರೆ ನನ್ನ ಮಗ್ಗುಲಿಂದ ಡೊಳ್ಳಿನವನು ಇಷ್ಟು ಬಲಕ್ಕೆ ಕಾಣುತ್ತಾನೆ, ಅವನ ಬೆನ್ನ ಹಿಂದೆ ಒಬ್ಬ ಹುಡುಗ ನಿಂತಿದ್ದಾನೆ’ ಎಂದಷ್ಟೇ ಸೇರಿಸುತ್ತಾನೆ. ಸಿಂದಗಿಯವನೂ ಮುದ್ದೇಬಿಹಾಳದವನೂ ಅದೇ ಕ್ರಮವನ್ನು ಅನುಸರಿಸುತ್ತಾರೆ. ಬಹುಕ್ಯಾಮರಾ ವಿಡಿಯೋವನ್ನು ಅಡಕಗೊಳಿಸುವ ವಿದ್ಯೆಯ ತಿರುಳೆಲ್ಲ ಈ ನಾಲ್ಕು ಪತ್ರಗಳಲ್ಲಿದೆ.

ಪತ್ರ ಬರೆಯುವ ಈ ಜಾಣತನದ ಮೊದಲ ಮೆಟ್ಟಿಲು ಒಂದೇ ಚಿತ್ರದೊಳಗಿನ ಪುನರುಕ್ತಿಯನ್ನು ಕಳೆಯುವುದು. ಇಲ್ಲಿ ಬೆಂಗಳೂರಿನವರೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಪ್ರಸಿದ್ಧವಾಗಿರುವ ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ನಾಸಿರ್ ಅಹ್ಮದ್ ಅವರು, ಚಿತ್ರದ ಒಂದು ಪುಟ್ಟ ಚೌಕವನ್ನು ಬಿಂದುಗಳ ಪಟ್ಟಿಯಾಗಿ ಹೇಳುವ ಬದಲು ನಿಧಾನವಾದ ಮತ್ತು ವೇಗವಾದ ಅಲೆಗಳ ಮೊತ್ತವಾಗಿ ಹೇಳುವ ಉಪಾಯವನ್ನು ಯೋಚಿಸಿದರು. ಎಂಟಕ್ಕೆ ಎಂಟರ ಚೌಕದಲ್ಲಿ 64 ಸಂಖ್ಯೆಗಳಿರುತ್ತವೆ. ಅಲೆಗಳ ಭಾಷೆಗೆ ತಿರುಗಿಸಿದಾಗ ಅವುಗಳಲ್ಲಿ ಬಹುಪಾಲು ಸೊನ್ನೆಗೆ ತೀರ ಸಮೀಪಕ್ಕೆ ಬಂದುಬಿಡುತ್ತವೆ. ಅವನ್ನು ಬಿಟ್ಟರೂ ಕಣ್ಣಿಗೆ ಕೊರತೆ ತೋರುವುದಿಲ್ಲ. 1972ರಲ್ಲಿ ಈ ವಿಚಾರವನ್ನು ಸಂಶೋಧಿಸಲು ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಹಣ ಕೇಳಿದರು; ವಿಚಾರವು ಬಹಳ ಸರಳವಾಯಿತೆಂದು ಕಂಡು ಹಣ ದೊರೆಯಲಿಲ್ಲ. ಆದರೂ ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಆ ಗಣಿತವೇ ಇಂದು ಪ್ರತಿಯೊಂದು ಜೇಪೆಗ್ ಚಿತ್ರದಲ್ಲಿಯೂ, ಪೂರ್ಣಾಂಕಗಳಿಗೆ ಒಗ್ಗಿಸಿದ ರೂಪದಲ್ಲಿ ಬಹುಮಟ್ಟಿಗೆ ಎಲ್ಲ ವಿಡಿಯೋಗಳಲ್ಲಿಯೂ ಕೆಲಸ ಮಾಡುತ್ತಿದೆ. ಸರಳವಾದುದು ಕ್ಷುಲ್ಲಕವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ತಿಳಿಯದು.

ಎರಡನೆಯ ಮೆಟ್ಟಿಲು ಕಾಲದಲ್ಲಿ ಆಗುವ ಪುನರುಕ್ತಿಯನ್ನು ಕಳೆಯುವುದು. ಈ ಕ್ಷಣದ ಚಿತ್ರಕ್ಕೂ ಇಪ್ಪತ್ತೈದನೆಯ ಒಂದು ಸೆಕೆಂಡಿನ ಹಿಂದಿನ ಚಿತ್ರಕ್ಕೂ ಹೆಚ್ಚಿನ ಭೇದವಿರುವುದಿಲ್ಲ. ಯಾವ ತುಂಡು ಎತ್ತ ಸರಿಯಿತು ಎಂದು ಹೇಳಿದರೆ ಸಾಕು. ಈ ಎರಡು ಉಪಾಯಗಳಿಂದಲೇ ಸೆಕೆಂಡಿಗೆ 124 ಕೋಟಿ ಬಿಟ್‌ಗಳ ಹೊಳೆಯನ್ನು ಐವತ್ತು ಅರವತ್ತು ಲಕ್ಷ ಬಿಟ್‌ಗಳ ಕಾಲುವೆಗೆ ಇಳಿಸಲು ಸಾಧ್ಯವಾಗಿದೆ.

ಮೂರನೆಯದು ಕ್ಯಾಮರಾ ಕ್ಯಾಮರಾಗಳ ನಡುವಿನ ಪುನರುಕ್ತಿ. ನಮ್ಮ ವಿಷಯಕ್ಕೆ ಮುಖ್ಯವಾದುದು ಇದೇ. ಕಾಲದಲ್ಲಿ ವಸ್ತುವು ಎತ್ತ ಸರಿಯುವುದೆಂದು ಮುಂಚಿತವಾಗಿ ಹೇಳುವಂತಿಲ್ಲ. ಕುಣಿಯುವವನು ತನ್ನ ಇಚ್ಛೆಯಂತೆ ಕುಣಿಯುತ್ತಾನೆ. ಆದರೆ ಒಂದು ಕ್ಯಾಮರಾದಿಂದ ಪಕ್ಕದ ಕ್ಯಾಮರಾಕ್ಕೆ ಹೋದಾಗ ವಸ್ತುವು ಎಷ್ಟು ಸರಿಯಬೇಕೆಂಬುದು ರೇಖಾಗಣಿತದ ಕಟ್ಟಳೆಗೆ ಒಳಪಟ್ಟಿದೆ. 60 ಡಿಗ್ರಿ ಅಗಲವನ್ನು ನೋಡುವ ಎರಡು ಎಚ್‌ಡಿ ಕ್ಯಾಮರಾಗಳನ್ನು ಆರೂವರೆ ಸೆಂಟಿಮೀಟರು ಅಂತರದಲ್ಲಿ ಸಮನಾಗಿ ನಿಲ್ಲಿಸಿದೆವೆನ್ನೋಣ. ಎರಡು ಮೀಟರು ದೂರದ ಡೊಳ್ಳು ಒಂದು ಚಿತ್ರಕ್ಕಿಂತ ಇನ್ನೊಂದರಲ್ಲಿ ಸುಮಾರು 54 ಬಿಂದುಗಳಷ್ಟು ಸರಿದಿರುತ್ತದೆ. ಇಪ್ಪತ್ತು ಮೀಟರು ದೂರದ ಗುಡಿಯ ಗೋಡೆ ಐದು ಬಿಂದುಗಳಷ್ಟು, ಇನ್ನೂರು ಮೀಟರು ದೂರದ ಬೇವಿನ ಮರ ಅರ್ಧ ಬಿಂದುವಿನಷ್ಟು. ದೂರ ಹತ್ತು ಪಟ್ಟಾದರೆ ಸರಿತವು ಹತ್ತನೆಯ ಒಂದು ಪಾಲಾಗುತ್ತದೆ. ಪ್ರೌಢಶಾಲೆಯ ಸದೃಶ ತ್ರಿಕೋನಗಳನ್ನು ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಸಾಧಿಸಬಲ್ಲನು.

ಹಾಗಾದರೆ ಕೆಲಸ ಸುಲಭವಾಯಿತೆಂದು ಬಗೆಯಬಾರದು. ಈ ವಿದ್ಯೆಯನ್ನು ಪರೀಕ್ಷಿಸಬೇಕೆಂದಿರುವವರು ಹಿಂಗಾರಿನ ಕಾಲದಲ್ಲಿ ನಮ್ಮ ಬಿಳಿಜೋಳದ ಹೊಲಕ್ಕೆ ಬರಲಿ. ತೆನೆಗಳು ಸಾವಿರಾರು, ಒಂದರಂತೆ ಇನ್ನೊಂದು. ಎಡ ಕ್ಯಾಮರಾದ ಈ ತೆನೆಯೇ ಬಲ ಕ್ಯಾಮರಾದ ಆ ತೆನೆಯೆಂದು ಯಂತ್ರವು ಹೇಗೆ ಗುರುತಿಸೀತು? ಪಕ್ಕದ ತೆನೆಯನ್ನು ಹಿಡಿದುಕೊಂಡು ದೂರದ ಲೆಕ್ಕವನ್ನು ತಪ್ಪಿಸುತ್ತದೆ. ಅದರ ಮೇಲೆ ಗಾಳಿಯೊಂದು ಬೀಸಿದರೆ ಪ್ರತಿಯೊಂದು ತೆನೆಯೂ ತನ್ನದೇ ದಾರಿಯಲ್ಲಿ ಓಲಾಡಿ, ಕಾಲದ ಊಹೆಯೂ ಕೆಡುತ್ತದೆ. ಮೋಡವಿಲ್ಲದ ಆಕಾಶದಲ್ಲಿ ಇದಕ್ಕೆ ಪ್ರತಿಯಾದ ತೊಂದರೆ: ಗುರುತು ಹಿಡಿಯಲು ಅಲ್ಲಿ ಏನೂ ಇಲ್ಲ. ಹಿತ್ತಾಳೆಯ ತಾಳದ ಹೊಳಪು ಒಂದು ಕ್ಯಾಮರಾಕ್ಕೆ ಕಂಡಂತೆ ಇನ್ನೊಂದಕ್ಕೆ ಕಾಣುವುದಿಲ್ಲ. ಕೊಯ್ಲು ಮುಗಿದ ಎರೆಹೊಲದ ಬಿರುಕುಗಳಾದರೋ ಒಂದರಂತೊಂದಿಲ್ಲ, ಅಲುಗಾಡುವುದೂ ಇಲ್ಲ. ಯಂತ್ರಕ್ಕೆ ಅದು ರಜೆಯ ದಿನವಿದ್ದಂತೆ. ಪಾಶ್ಚಾತ್ಯ ಪ್ರಯೋಗಶಾಲೆಗಳಲ್ಲಿ ಈ ವಿಧಾನಗಳನ್ನು ಬಹುಮಟ್ಟಿಗೆ ಕೊಠಡಿಯೊಳಗಿನ ಚಿತ್ರಗಳಿಂದ ಪರೀಕ್ಷಿಸಿದ್ದಾರೆ. ಬಯಲಿನಲ್ಲಿ, ಧೂಳಿನಲ್ಲಿ, ಗ್ಯಾಸ್ ದೀಪ ವಿದ್ಯುದ್ದೀಪಗಳ ಮಿಶ್ರ ಬೆಳಕಿನಲ್ಲಿ ಅವು ಹೇಗೆ ನಡೆಯುತ್ತವೆಂಬುದನ್ನು ನಾವೇ ನೋಡಿಕೊಳ್ಳಬೇಕಾಗಿದೆ.

ಇನ್ನು ಮಾನಕಗಳ ಮಾತು. 2003ರಲ್ಲಿ ಬಂದ ಎಚ್.264 ಎಂಬ ವಿಡಿಯೋ ಮಾನಕಕ್ಕೆ 2009ರ ಹೊತ್ತಿಗೆ ಬಹುನೋಟದ ಒಂದು ವಿಸ್ತರಣೆಯನ್ನು ಸೇರಿಸಲಾಯಿತು. ಅದರ ಹೆಸರು ಎಂವಿಸಿ. ಅದರ ಮುಂದಿನ ತಲೆಮಾರಾದ ಎಚ್‌ಇವಿಸಿಗೆ 2014ರಲ್ಲಿ ಅಂತಹುದೇ ವಿಸ್ತರಣೆ ಬಂದಿತು. ಎರಡರಲ್ಲಿಯೂ ಕ್ರಮ ನಮ್ಮ ನಾಲ್ಕು ಪತ್ರಗಳದೇ: ಒಂದು ಕ್ಯಾಮರಾದ ಚಿತ್ರ ಮೂಲನೋಟ, ಉಳಿದವು ಅದನ್ನು ಅವಲಂಬಿಸಿದ ನೋಟಗಳು. ಉಳಿತಾಯವೆಷ್ಟು? ಎರಡು ನೋಟಗಳನ್ನು ಬೇರೆ ಬೇರೆಯಾಗಿ ಕಳುಹಿಸುವುದಕ್ಕೆ ಹೋಲಿಸಿದರೆ ಎಂವಿಸಿಯಿಂದ ಸಾಧಾರಣವಾಗಿ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನಷ್ಟು. ಪವಾಡವೇನಲ್ಲ. ಕಾಲದ ಪುನರುಕ್ತಿಯನ್ನು ಕಳೆದ ಮೇಲೆ ಕ್ಯಾಮರಾಗಳ ಪುನರುಕ್ತಿಯಲ್ಲಿ ಕಳೆಯಲು ಉಳಿಯುವುದು ಅಷ್ಟೆ.

ಆದರೆ ಉಳಿತಾಯಕ್ಕಿಂತಲೂ ಹಿರಿದಾದ ಗುಣವೊಂದು ಈ ಏರ್ಪಾಟಿನಲ್ಲಿದೆ, ಅದನ್ನು ನಮ್ಮವರು ಸಾಕಷ್ಟು ಮನಗಂಡಿಲ್ಲ. ಮೂಲನೋಟವನ್ನು ಓದಲು ಹೊಸ ಯಂತ್ರ ಬೇಕಿಲ್ಲ. ಹಳೆಯ ಸಾಧಾರಣ ಯಂತ್ರವು ಅವಲಂಬಿತ ನೋಟಗಳನ್ನು ಕಂಡರೂ ಕಾಣದಂತೆ ಬಿಟ್ಟು, ಮೂಲನೋಟವನ್ನು ಮಾತ್ರ ಬಿಚ್ಚಿ ಚಪ್ಪಟೆಯ ಚಿತ್ರವಾಗಿ ತೋರಿಸುತ್ತದೆ. ಬೆಲೆಯುಳ್ಳ ಕನ್ನಡಕ ಧರಿಸಿ ಬೆಂಗಳೂರಿನಲ್ಲಿ ಕುಳಿತವನಿಗೂ, ಸಿಂದಗಿಯ ಬಸ್ ನಿಲ್ದಾಣದಲ್ಲಿ ಅಗ್ಗದ ಮೊಬೈಲು ಹಿಡಿದು ನಿಂತವನಿಗೂ ಒಂದೇ ಗಂಟು ಸಾಕು. ಒಬ್ಬನು ನಾಲ್ಕೂ ಪತ್ರಗಳನ್ನು ಓದುತ್ತಾನೆ, ಇನ್ನೊಬ್ಬನು ಬಾಗೇವಾಡಿಯವನ ಪತ್ರವನ್ನಷ್ಟೆ ಓದುತ್ತಾನೆ. ಇಬ್ಬರಿಗೂ ಮೇಳ ದಕ್ಕುತ್ತದೆ. 2023ರಿಂದ ಕೆಲವು ಐಫೋನುಗಳು ತೆಗೆಯುವ ಎರಡು ಕಣ್ಣಿನ ವಿಡಿಯೋಗಳು ಇತರ ಫೋನುಗಳಲ್ಲಿ ಸಾಧಾರಣ ವಿಡಿಯೋಗಳಾಗಿ ಕಾಣುವುದು ಇದೇ ಕಾರಣದಿಂದ.

ಇದರ ಬೆಲೆ ತಿಳಿಯಬೇಕಾದರೆ ಮೂರು ಆಯಾಮದ ಟೆಲಿವಿಷನ್ನಿನ ಕಥೆಯನ್ನು ನೆನೆಯಬೇಕು. 2010ರ ಸುಮಾರಿಗೆ ಬಹಳ ಸಂಭ್ರಮದಿಂದ ಮಾರುಕಟ್ಟೆಗೆ ಬಂದ ಆ ಪೆಟ್ಟಿಗೆಗಳನ್ನು 2017ರ ವೇಳೆಗೆ ದೊಡ್ಡ ತಯಾರಕರೆಲ್ಲರೂ ಕೈಬಿಟ್ಟರು. ಕನ್ನಡಕದ ಕಿರಿಕಿರಿ, ನೋಡಲು ಚಿತ್ರಗಳ ಅಭಾವ, ತಲೆ ಅಲುಗಿಸಿದರೂ ಅಲುಗದ ನೋಟ, ಹೀಗೆ ಕಾರಣಗಳು ಹಲವು. ಆ ಕಾಲದ ಬ್ಲೂ-ರೇ ತಟ್ಟೆಗಳನ್ನು ಎಂವಿಸಿ ಕ್ರಮದಲ್ಲಿ, ಹಳೆಯ ಯಂತ್ರಗಳಲ್ಲಿಯೂ ಮೂಲನೋಟವನ್ನು ನೋಡಲು ಸಾಧ್ಯವಾಗುವಂತೆ ರೂಪಿಸಲಾಗಿತ್ತು. ಪೆಟ್ಟಿಗೆಗಳು ಗುಜರಿಗೆ ಹೋದರೂ ಚಿತ್ರಗಳು ಸಾಯಲಿಲ್ಲ. ಮುಂದೆ ಇಂದಿನ ಕನ್ನಡಕಗಳಿಗೂ ಅದೇ ಗತಿ ಬರಬಹುದು. ಆಗ ಅವುಗಳಿಗೆಂದೇ ಕಟ್ಟಿದ, ಬೇರೆ ಯಾವುದರಲ್ಲಿಯೂ ಬಿಚ್ಚಲಾಗದ ಗಂಟುಗಳ ಪಾಡೇನು? ಸಾರ್ವಜನಿಕ ಹಣದಿಂದ ಮಾಡುವ ಯಾವ ಬಹುಕ್ಯಾಮರಾ ದಾಖಲೆಯೇ ಆಗಲಿ, ಸಾಧಾರಣ ಮೊಬೈಲಿನಲ್ಲಿ ಮೂಲನೋಟವು ತೆರೆಯುವಂತೆ ಇರಲೇಬೇಕೆಂದು ನಿಯಮ ಮಾಡತಕ್ಕದ್ದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಇದಕ್ಕಾಗಿ ನೂರಕ್ಕೆ ಐದು ಹತ್ತು ಬಿಟ್‌ಗಳು ಹೆಚ್ಚಾದರೂ ಚಿಂತೆಯಿಲ್ಲ.

ಕ್ಯಾಮರಾಗಳು ಎಂಟು ಹತ್ತಾದಾಗ ನೋಟಗಳನ್ನೆಲ್ಲ ಕಳುಹಿಸುವುದೇ ದುಬಾರಿ. ಆಗ ಇನ್ನೊಂದು ದಾರಿಯಿದೆ. ಎರಡು ಮೂರು ನೋಟಗಳನ್ನು ಕಳುಹಿಸಿ, ಜೊತೆಗೆ ಪ್ರತಿಯೊಂದು ಬಿಂದುವೂ ಎಷ್ಟು ದೂರದಲ್ಲಿದೆಯೆಂಬ ಪಟ್ಟಿಯನ್ನೂ ಕಳುಹಿಸಿದರೆ, ನಡುವಣ ನೋಟಗಳನ್ನು ನೋಡುವವನ ಯಂತ್ರವೇ ಕಟ್ಟಿಕೊಳ್ಳುತ್ತದೆ. ಈ ಪಟ್ಟಿಗೆ ದೂರಪಟ ಎನ್ನೋಣ. ದೂರಪಟವನ್ನು ಅಡಕಗೊಳಿಸುವಾಗ ಅಂಚುಗಳಲ್ಲಿ ಎಚ್ಚರಿಕೆ ಬೇಕು. ಡೊಳ್ಳಿನ ಅಂಚಿನಲ್ಲಿ ದೂರವು ತುಸು ಮಸಕಾದರೂ ಕಟ್ಟಿಕೊಂಡ ಚಿತ್ರದಲ್ಲಿ ಡೊಳ್ಳಿಗೆ ಹರಕು ಸೆರಗೊಂದು ಅಂಟಿಕೊಂಡಂತೆ ತೋರುತ್ತದೆ. 2023ರಲ್ಲಿ ಪ್ರಕಟವಾದ ಎಂಐವಿ ಎಂಬ ಅಂತರರಾಷ್ಟ್ರೀಯ ಮಾನಕವು ಇನ್ನೂ ಮುಂದೆ ಹೋಗಿ, ಕೆಲವು ನೋಟಗಳನ್ನು ಪೂರ್ತಿಯಾಗಿ ಇಟ್ಟುಕೊಂಡು, ಉಳಿದ ಕ್ಯಾಮರಾಗಳಿಂದ ಬೇರೆ ಯಾರಿಗೂ ಕಾಣದ ತುಣುಕುಗಳನ್ನು ಮಾತ್ರ ಕತ್ತರಿಸಿ, ಅವನ್ನು ಒಂದು ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸುತ್ತದೆ. ಆ ಹಾಳೆಯನ್ನು ಸಾಧಾರಣ ವಿಡಿಯೋದಂತೆ ಯಾವ ಮಾನಕದಲ್ಲಿ ಬೇಕಾದರೂ ಅಡಕಗೊಳಿಸಬಹುದು. ಕೌದಿ ಹೊಲಿಯುವ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಾರದು.

ಇಷ್ಟೆಲ್ಲ ಜಾಣತನದ ನಡುವೆ ಕಳೆದುಹೋಗುವುದೇನು ಎಂಬುದನ್ನು ಕೇಳುವವರು ವಿರಳ. ನಮ್ಮ ಸೀಮೆಯಲ್ಲಿ ಇದನ್ನು ಕೇಳಿದವರು ಹಿಂದೆ ಇದ್ದರು, ಅವರ ಕೈಯಲ್ಲಿ ಕ್ಯಾಮರಾ ಇರಲಿಲ್ಲ, ಲೇಖಣಿ ಇದ್ದಿತು. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ, ಮದುವೆಯ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಪದಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ವಿಜ್ಞಾನದ ಕಣ್ಣಿನಿಂದ ನೋಡಿದರೆ ಅದೂ ಒಂದು ಬಗೆಯ ಸಂಕೋಚನವೇ. ಹಾಡಿನ ನುಡಿ ಉಳಿಯಿತು. ಧಾಟಿ, ಕಲ್ಲಿನ ಸದ್ದು, ಹಾಡುವವಳ ಕೈಯ ಬೀಸು ಉಳಿಯಲಿಲ್ಲ. ಆದರೆ ಉಳಿಸಬೇಕಾದುದು ಯಾವುದೆಂಬ ವಿವೇಕ ಅಲ್ಲಿ ಆ ಗೆಳೆಯರದಾಗಿತ್ತು, ಅವರು ಆ ಹಾಡುಗಳ ನಡುವೆಯೇ ಬೆಳೆದವರಾಗಿದ್ದರು. ಇಂದು ಜಾತ್ರೆಯಲ್ಲಿ ಮೊಬೈಲು ಹಿಡಿದ ನೂರು ಕೈಗಳು ಮೇಳವನ್ನು ಸುತ್ತುವರಿಯುತ್ತವೆ. ತೆಗೆದ ವಿಡಿಯೋವನ್ನು ಜಾಲತಾಣಕ್ಕೆ ಏರಿಸಲಾಗುತ್ತದೆ. ಅಲ್ಲಿನ ಯಂತ್ರವು ಅದನ್ನು ತನಗೆ ಬೇಕಾದ ಅಳತೆಗೆ ಮತ್ತೊಮ್ಮೆ ಹಿಂಡುತ್ತದೆ. ಫೋನಿನಲ್ಲಿ ಜಾಗ ಸಾಲದೆಂದು ಮೂಲಪ್ರತಿಯನ್ನು ಅಳಿಸಲಾಗುತ್ತದೆ. ನೂರು ಕ್ಯಾಮರಾಗಳಿದ್ದೂ ಮೂರು ಆಯಾಮದ ಒಂದು ಚಿತ್ರವನ್ನು ಅವುಗಳಿಂದ ಮತ್ತೆ ಕಟ್ಟುವಂತಿಲ್ಲ. ಏನನ್ನು ಬಿಡಬೇಕೆಂದು ತೀರ್ಮಾನಿಸಿದ್ದು ಯಾವುದೋ ದೂರದ ಊರಿನ ಒಂದು ಸೂತ್ರ. ಇದು ನಮಗೆ ಸರಿಯೆನಿಸುವುದಿಲ್ಲ.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಎಲ್ಲಕ್ಕೂ ಈ ಬಹುಕ್ಯಾಮರಾ ವಿಡಿಯೋ ಬೇಕೆಂದು ನಾವು ವಾದಿಸುತ್ತಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಕಂಬದ ಶಾಸನವು ಅಲ್ಲಿದ್ದ ಪ್ರಾಚೀನ ವಿದ್ಯಾಶಾಲೆಯ ವಿಷಯವನ್ನು ಹೇಳುತ್ತದೆ. ಅಂತಹ ಕಂಬವನ್ನು ಮೂರು ಆಯಾಮದಲ್ಲಿ ಉಳಿಸಲು ಒಂದೇ ಕ್ಯಾಮರಾದಿಂದ ಸುತ್ತಲೂ ತೆಗೆದ ನೂರಿನ್ನೂರು ಛಾಯಾಚಿತ್ರಗಳು ಸಾಕು. ಕಲ್ಲು ಕುಣಿಯುವುದಿಲ್ಲ, ನಮಗಾಗಿ ಕಾಯುತ್ತದೆ. ಹಂಪೆಯ ದೇವಾಲಯಗಳನ್ನು ಗಣಕದಲ್ಲಿ ಮರುನಿರ್ಮಿಸಿದ ‘ಡಿಜಿಟಲ್ ಹಂಪಿ’ ಕಾರ್ಯದಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಪಾಲುಗೊಂಡರು. ಆ ಅನುಭವ ನಮ್ಮ ನೆರೆಯಲ್ಲಿಯೇ ಇದೆ. ಮನುಷ್ಯರ ಮೇಳವಾದರೋ ಒಂದು ಕ್ಷಣಕ್ಕೆ ಒಂದೇ ಸಲ ಘಟಿಸುತ್ತದೆ, ಎಲ್ಲ ಕ್ಯಾಮರಾಗಳೂ ಅದೇ ಕ್ಷಣವನ್ನು ಹಿಡಿಯಬೇಕು.

ಕ್ಷಣದ ಮಾತು ಅಲಂಕಾರಕ್ಕಾಗಿ ಹೇಳಿದುದಲ್ಲ. ಸೆಕೆಂಡಿಗೆ 25 ಚಿತ್ರಗಳಾದರೆ ಎರಡು ಚಿತ್ರಗಳ ನಡುವೆ 40 ಮಿಲಿಸೆಕೆಂಡು. ಡೊಳ್ಳಿನ ಕೋಲಿನ ತುದಿ ಸೆಕೆಂಡಿಗೆ ಐದು ಮೀಟರು ವೇಗದಲ್ಲಿ ಅಡ್ಡಲಾಗಿ ಬೀಸಿದರೆ ಅದರ ಅರ್ಧ ವೇಳೆಯಲ್ಲಿ, ಅಂದರೆ 20 ಮಿಲಿಸೆಕೆಂಡಿನಲ್ಲಿ, ಹತ್ತು ಸೆಂಟಿಮೀಟರು ಸಾಗಿರುತ್ತದೆ. ಎರಡು ಮೀಟರು ದೂರದಿಂದ ಇದು ಸುಮಾರು 83 ಬಿಂದುಗಳ ಸರಿತ. ಅದೇ ದೂರದಲ್ಲಿ ಎರಡು ಕಣ್ಣಿನ ನಿಜವಾದ ಸರಿತವು 54 ಬಿಂದುಗಳೆಂದು ಹಿಂದೆ ಕಂಡೆವು. ಕ್ಯಾಮರಾಗಳು ಅರ್ಧ ಚಿತ್ರದಷ್ಟು ಹಿಂದುಮುಂದಾದರೂ ಸಾಕು, ತಪ್ಪು ಸತ್ಯಕ್ಕಿಂತ ದೊಡ್ಡದಾಗುತ್ತದೆ!

ಆದುದರಿಂದ ದಾಖಲೆ ಮಾಡುವವರು ಕೆಲವು ಕೆಲಸಗಳನ್ನು ಬಿಡದೆ ಮಾಡಬೇಕು. ಕ್ಯಾಮರಾಗಳೆಲ್ಲವೂ ಒಂದೇ ಸಂಕೇತಕ್ಕೆ ನಡೆಯುವಂತೆ ತಂತಿಯಿಂದಲೋ ಇನ್ನಾವ ಉಪಾಯದಿಂದಲೋ ಕಟ್ಟಿಹಾಕಬೇಕು. ಮೇಳ ಆರಂಭವಾಗುವ ಮುನ್ನ ಚದುರಂಗದ ಮನೆಗಳನ್ನು ಅಚ್ಚುಹಾಕಿದ ಒಂದು ರಟ್ಟನ್ನು ರಂಗದ ಮೇಲೆ ಹಿಡಿದು, ಓರೆಕೋರೆಯಾಗಿ ತಿರುಗಿಸುತ್ತ ಒಂದೆರಡು ನಿಮಿಷ ಎಲ್ಲ ಕ್ಯಾಮರಾಗಳಿಗೂ ತೋರಿಸಬೇಕು. ಮನೆಗಳ ಅಳತೆ ಗೊತ್ತಿರುವುದರಿಂದ ಕ್ಯಾಮರಾಗಳ ಸ್ಥಾನ, ಕೋನ, ಮಸೂರದ ವಕ್ರತೆ ಎಲ್ಲವನ್ನೂ ಅನಂತರ ಲೆಕ್ಕ ಹಾಕಬಹುದು. ಆ ಅಂಕೆಗಳನ್ನು ಚಿತ್ರದೊಡನೆಯೇ ಇಡಬೇಕು. ನಾಲ್ಕಾರು ಸಾಲಿನ ಆ ಅಂಕೆಗಳು ಕಳೆದುಹೋದರೆ ನೂರಾರು ಗಿಗಾಬೈಟುಗಳ ಚಿತ್ರವಿದ್ದೂ ಅರ್ಧ ಕುರುಡಾದಂತೆ.

ಮೂಲಪ್ರತಿಯ ವಿಷಯ. ಕಚ್ಚಾ ಚಿತ್ರವನ್ನೇ ಇಡಬೇಕೆಂದು ಹಟ ಹಿಡಿಯುವವರೂ ಇದ್ದಾರೆ. 4480 ಗಿಗಾಬೈಟಿನ ಲೆಕ್ಕವನ್ನು ನೋಡಿದ ಮೇಲೆ ಅದು ಸಾಧುವಲ್ಲವೆಂದು ತೋರೀತು. ಪ್ರತಿಯೊಂದು ಕ್ಯಾಮರಾಕ್ಕೂ ಸೆಕೆಂಡಿಗೆ 5 ಕೋಟಿ ಬಿಟ್‌ಗಳನ್ನು, ಎಂದರೆ ಜಾಲತಾಣದವರು ಕೊಡುವುದರ ಸುಮಾರು ಹತ್ತು ಪಟ್ಟನ್ನು, ಕೊಟ್ಟು, ಬೇರೆ ಕ್ಯಾಮರಾಗಳನ್ನು ಅವಲಂಬಿಸದಂತೆ ಪ್ರತ್ಯೇಕವಾಗಿಯೇ ಅಡಕಗೊಳಿಸಿದರೆ ಗಂಟೆಗೆ ಒಂದಕ್ಕೆ 22.5 ಗಿಗಾಬೈಟ್, ನಾಲ್ಕು ಕ್ಯಾಮರಾಗಳಿಗೆ 90. ಎರಡು ಸಾವಿರ ಗಿಗಾಬೈಟಿನ ಒಂದು ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಇಪ್ಪತ್ತೆರಡು ಗಂಟೆಗಳ ಮೇಳ ಹಿಡಿಯುತ್ತದೆ. ಭಂಡಾರಕ್ಕೆ ಇದು, ನೋಟಕ್ಕೆ ಮೂಲನೋಟದ ಕಿರುಗಂಟು. ಭಂಡಾರದಲ್ಲಿ ಅವಲಂಬನೆ ಕೂಡದೆಂದು ಹೇಳಲು ಕಾರಣವಿದೆ. ಬಾಗೇವಾಡಿಯವನ ಪತ್ರ ಅಂಚೆಯಲ್ಲಿ ಕಳೆದುಹೋದರೆ ಉಳಿದ ಮೂವರ ಪತ್ರಗಳಿಗೆ ಅರ್ಥವೇ ಇರುವುದಿಲ್ಲವಲ್ಲವೆ?

ಹಣದ ಆಕ್ಷೇಪಣೆಯೊಂದು ಬರುತ್ತದೆ. ಎಚ್‌ಇವಿಸಿಯಂತಹ ಮಾನಕಗಳ ಮೇಲೆ ಹಲವು ಕಂಪನಿಗಳ ಪೇಟೆಂಟುಗಳಿವೆ, ಅವುಗಳ ಪರವಾನಗಿಯನ್ನು ಒಂದಕ್ಕಿಂತ ಹೆಚ್ಚು ಕೂಟಗಳು ಹಂಚಿಕೊಂಡಿವೆ. 2018ರಲ್ಲಿ ಹೊರಬಂದ ಎವಿ1 ಅನ್ನು ಗೌರವಧನವಿಲ್ಲದೆ ಬಳಸಲು ಬಿಡುವ ಉದ್ದೇಶದಿಂದಲೇ ರಚಿಸಲಾಯಿತು. ಎಂಐವಿ ಹಾಳೆಗಳನ್ನು ಅದರಲ್ಲಿಯೂ ಅಡಕಗೊಳಿಸಬಹುದೆಂಬುದನ್ನು ಆಯ್ಕೆಯ ಕಾಲದಲ್ಲಿ ಮರೆಯಬಾರದು. ಕ್ಯಾಮರಾಗಳ ವೆಚ್ಚವಾದರೋ, ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಒಂದೊಂದು ಕ್ಯಾಮರಾ ತಂದು ಒಂದೆಡೆ ಕೂಡಿದರೆ ಯಾರಿಗೂ ಭಾರವಲ್ಲ. ಭೌತಶಾಸ್ತ್ರದವರು ಮಸೂರವನ್ನು, ಗಣಿತದವರು ತ್ರಿಕೋನಗಳನ್ನು, ಕನ್ನಡದವರು ಹಾಡಿನ ನುಡಿಯನ್ನು ನೋಡಿಕೊಳ್ಳಲಿ. ಹಾಡುವವರ ಒಪ್ಪಿಗೆಯನ್ನು ಮೊದಲೇ ಪಡೆದು, ಅವರಿಗೊಂದು ಪ್ರತಿಯನ್ನು ಕೊಡತಕ್ಕದ್ದು. ಇದನ್ನು ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಮೊದಲು ಏನನ್ನು ಹಿಡಿಯಬೇಕೆಂದು ನಮ್ಮನ್ನು ಕೇಳಿದರೆ ಹರದೇಶಿ-ನಾಗೇಶಿಯ ಹಾಡಿಕೆಯನ್ನು ಹೇಳುತ್ತೇವೆ. ಒಂದು ಮೇಳ ಗಂಡಿನ ಹಿರಿಮೆಯನ್ನು, ಇನ್ನೊಂದು ಹೆಣ್ಣಿನ ಹಿರಿಮೆಯನ್ನು ಹಿಡಿದು ಸವಾಲು ಜವಾಬುಗಳಲ್ಲಿ ರಾತ್ರಿ ಕಳೆಯುವ ಈ ಕಲೆಯಲ್ಲಿ, ಹಾಡುವವರ ಮುಖದಷ್ಟೇ ಕೇಳಿಸಿಕೊಳ್ಳುವ ಎದುರಾಳಿಯ ಮುಖವೂ ಮುಖ್ಯ. ಒಂದೇ ಕ್ಯಾಮರಾ ಇಟ್ಟವನಿಗೆ ಸವಾಲು ಹಾಕುವವರ ಮುಖ ಸಿಕ್ಕರೆ ಅದನ್ನು ಕೇಳಿ ನಗುವವರ ಬೆನ್ನು ಸಿಗುತ್ತದೆ. ನಾಲ್ಕು ಮೂಲೆಗಳಿಗೆ ನಾಲ್ಕು ಕ್ಯಾಮರಾಗಳನ್ನಿಟ್ಟರೆ ಇಬ್ಬರೂ ಸಿಗುತ್ತಾರೆ. ಅಷ್ಟು ದೂರ ದೂರದ ಕ್ಯಾಮರಾಗಳ ನಡುವೆ ಪುನರುಕ್ತಿ ಬಹಳ ಕಡಮೆ, ಆದುದರಿಂದ ಅವಲಂಬಿತ ನೋಟಗಳಿಂದ ಬರುವ ಉಳಿತಾಯವೂ ಅತ್ಯಲ್ಪ. ಪ್ರತಿ ಮೂಲೆಯಲ್ಲಿಯೂ ಒಂದರ ಬದಲು ಒತ್ತಿನಲ್ಲಿ ಎರಡನ್ನು ಇಟ್ಟರೆ ಮಾತ್ರ ದೂರಪಟ ಸರಿಯಾಗಿ ದೊರೆಯುತ್ತದೆ. ಎಂಟು ಕ್ಯಾಮರಾಗಳೆಂದು ಮೊದಲು ಲೆಕ್ಕ ಹಾಕಿದ್ದು ಇದಕ್ಕಾಗಿಯೇ.